ಗುರುವಾರ ರಾತ್ರಿ ಹತ್ತಕ್ಕೆ ಸರಿಯಾಗಿ: ತುಮಕೂರಿನಿಂದ ಎಗ್ ಫ್ರೀಜಿಂಗ್‌ಗೆ ಓಡಾಡಿದ ಲೆಕ್ಕ

ಆಸ್ಪತ್ರೆಯವರು ಪ್ಯಾಕೇಜ್ 1,15,000 ರೂಪಾಯಿ ಅಂದಿದ್ದರು. ಕೊನೆಗೆ ಖರ್ಚಾಗಿದ್ದು 2,26,000. ಹದಿನೈದು ದಿನದ ಕೆಲಸ ಅಂದಿದ್ದರು, ಎರಡೂವರೆ ತಿಂಗಳು ಹಿಡಿಯಿತು. ಯಾರೂ ಸುಳ್ಳು ಹೇಳಲಿಲ್ಲ. ಯಾವ ಪ್ರಶ್ನೆ ಕೇಳಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ ಅಷ್ಟೆ. ಮುಂದೆ ಬೇಕಾದರೆ ಮಗು ಪಡೆಯೋಕೆ ಅಂತ ಅಂಡಾಣು ತೆಗೆಸಿ, ಘನೀಕರಿಸಿ ಇಟ್ಟು (ಎಗ್ ಫ್ರೀಜಿಂಗ್ ಅಂದರೆ ಇದೇ) ಇವತ್ತಿಗೆ ಹತ್ತು ದಿನ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ವಯಸ್ಸು 33, ಮದುವೆಯಾಗಿಲ್ಲ, ಮನೆ ತುಮಕೂರು. ನನ್ನ ಬಗ್ಗೆ ಇಷ್ಟು ಸಾಕು, ಉಳಿದದ್ದು ಕೆಲಸದ ವಿಷಯ.

ಶುರುವಾಗೋದು ಎಎಂಎಚ್ ಅನ್ನೋ ರಕ್ತಪರೀಕ್ಷೆಯಿಂದ. ಮುಟ್ಟಿನ ಯಾವ ದಿನವಾದರೂ ಕೊಡಬಹುದು, ಖಾಲಿ ಹೊಟ್ಟೆ ಬೇಕಿಲ್ಲ. ಬಿ.ಎಚ್. ರಸ್ತೆಯ ಲ್ಯಾಬಿನಲ್ಲೇ ಕೊಟ್ಟೆ, 1,900 ರೂಪಾಯಿ. ರಿಪೋರ್ಟಿನಲ್ಲಿ 1.6 ಅಂತ ಬಂತು. ಈ ಸಂಖ್ಯೆ ನೋಡಿ ಅಳುವವರೂ ಇದ್ದಾರೆ, ಕುಣಿಯುವವರೂ ಇದ್ದಾರೆ. ಎರಡೂ ಬೇಡ. ಇಂಜೆಕ್ಷನ್ ಕೊಟ್ಟರೆ ಒಂದು ಸಲಕ್ಕೆ ಸುಮಾರು ಎಷ್ಟು ಅಂಡಾಣು ಸಿಗಬಹುದು ಅನ್ನೋದರ ಅಂದಾಜು ಅದು. ಅವು ಎಷ್ಟು ಚೆನ್ನಾಗಿವೆ ಅಂತ ಅದು ಹೇಳಲ್ಲ, ಅದನ್ನು ಹೇಳೋದು ವಯಸ್ಸು. ಸಹಜವಾಗಿ ಗರ್ಭ ನಿಲ್ಲುತ್ತೋ ಇಲ್ಲವೋ ಅನ್ನೋದೂ ಅದರಲ್ಲಿಲ್ಲ. ಎಎಂಎಚ್ ಕಡಿಮೆ ಇದ್ದವರಿಗೂ ಮಾಮೂಲಿನಂತೆ ಮಕ್ಕಳಾಗಿವೆ. ಈ ರಿಪೋರ್ಟನ್ನು ಮನೆಯ ವಾಟ್ಸ್‌ಆಪ್ ಗುಂಪಿಗೆ ಹಾಕೋ ತಪ್ಪು ಮಾತ್ರ ಯಾರೂ ಮಾಡಬೇಡಿ. ಗಂಡಿನ ಕಡೆಯವರ ಕಿವಿಗೆ ಅದು 'ಹುಡುಗಿಗೆ ಏನೋ ತೊಂದರೆಯಂತೆ' ಅಂತಲೇ ಮುಟ್ಟುತ್ತೆ.

ತುಮಕೂರಿನಲ್ಲೇ ಮಾಡಿಸಬಾರದಾ ಅಂತ ಕೇಳುತ್ತೀರಿ. ಮಾಡಿಸಬಹುದು. ನೋಡಬೇಕಾದ್ದು ಗೋಡೆ ಮೇಲೆ ತೂಗುಹಾಕಿದ ನೋಂದಣಿ ಪತ್ರ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ) ಕಾಯ್ದೆ ಬಂದ ಮೇಲೆ ಕ್ಲಿನಿಕ್‌ಗಳನ್ನು ಲೆವೆಲ್ 1, ಲೆವೆಲ್ 2 ಅಂತ ವಿಂಗಡಿಸಿದ್ದಾರೆ. ಲೆವೆಲ್ 1ರಲ್ಲಿ ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸೋದು ಮಾತ್ರ. ಅಂಡಾಣು ತೆಗೆಯೋದು, ಘನೀಕರಿಸೋದು ಲೆವೆಲ್ 2ಕ್ಕೆ ಸೇರಿದ್ದು. ನಾನು ಬೆಂಗಳೂರಿಗೆ ಹೋಗಿದ್ದಕ್ಕೆ ಕಾರಣ ಬೇರೆ. ಊರಲ್ಲಿ ಯಾವ ವೇಟಿಂಗ್ ಹಾಲಿಗೆ ಹೋದರೂ ಪರಿಚಯದವರು ಒಬ್ಬರಾದರೂ ಕೂತಿರುತ್ತಾರೆ. ಆ ಒಂದು ಸಂಕೋಚಕ್ಕೆ ನಾನು ತೆತ್ತಿದ್ದು ಏಳೆಂಟು ಸಲ ಎಪ್ಪತ್ತು ಕಿಲೋಮೀಟರ್. ಈಗ ಯೋಚಿಸಿದರೆ ಸ್ವಲ್ಪ ದುಬಾರಿ ಅನಿಸುತ್ತೆ.

ಕಾನೂನಿನ ಪ್ರಕಾರ 21 ದಾಟಿದ ಯಾವ ಹೆಣ್ಣಾದರೂ ತಾನೊಬ್ಬಳೇ ಹೋಗಿ ಕೇಳಬಹುದು, ಮದುವೆಯಾಗಿರಬೇಕು ಅಂತಿಲ್ಲ. ಅಪ್ಪ ಅಮ್ಮನ ಸಹಿ ಬೇಕಿಲ್ಲ. ಅರಿವಳಿಕೆ ಕೊಡುವ ದಿನ ಜೊತೆಗೊಬ್ಬರು ಇರಲೇಬೇಕು, ಅವರು ಗೆಳತಿಯಾದರೂ ನಡೆಯುತ್ತೆ. ಆದರೆ ಮುಂದಿನದ್ದನ್ನೂ ಈಗಲೇ ತಿಳಿದಿರಿ. ಈ ಅಂಡಾಣುಗಳನ್ನು ಬಳಸೋಕೆ ಹೆಣ್ಣಿಗೆ 50ರ ಗಡಿ ಇದೆ. ಮದುವೆಯಾಗದೆ ಮಗು ಬೇಕು ಅಂದರೆ ನೋಂದಾಯಿತ ಬ್ಯಾಂಕಿನ ದಾನಿ ವೀರ್ಯದಿಂದ ಸಾಧ್ಯ, ಆದರೆ ಹೊರಬೇಕಾದ್ದು ನಿಮ್ಮ ಗರ್ಭಕೋಶವೇ. ಬಾಡಿಗೆ ತಾಯ್ತನದ ಕಾಯ್ದೆಯಲ್ಲಿ ಒಂಟಿ ಹೆಂಗಸರ ಪೈಕಿ 35ರಿಂದ 45ರೊಳಗಿನ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ ಅವಕಾಶ. 'ಅಂಡಾಣು ಇಟ್ಟಿದೀನಿ, ಬೇಕಾದಾಗ ಬೇರೆಯವರ ಹತ್ತಿರ ಹೊರಿಸ್ತೀನಿ' ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಮೊದಲ ಭೇಟಿಯಲ್ಲಿ ನರ್ಸ್ ಕೇಳಿದ ಮೊದಲ ಪ್ರಶ್ನೆ: "ಮ್ಯಾರೀಡಾ ಮೇಡಂ?" ನಾನು ಇಲ್ಲ ಅಂದೆ. ಅವರು ಬರೆದುಕೊಂಡರು. ಆ ಪ್ರಶ್ನೆಯ ನಿಜವಾದ ಅರ್ಥ, ಲೈಂಗಿಕ ಸಂಪರ್ಕ ಆಗಿದೆಯಾ ಅಂತ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ಗೆ ಅದು ತಿಳಿಯಬೇಕು. ಮುಜುಗರ ಬಿಟ್ಟು ನೇರವಾಗಿ ಹೇಳಿಬಿಡಿ. ಸಂಪರ್ಕ ಆಗಿಲ್ಲದಿದ್ದರೆ ಮೂತ್ರ ತುಂಬಿಸಿಕೊಂಡು ಹೊಟ್ಟೆ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ಚಿತ್ರ ಅಷ್ಟು ಸ್ಪಷ್ಟ ಬರಲ್ಲ, ಎಣಿಕೆ ಒಂದೆರಡು ತಪ್ಪಬಹುದು. ಅಂಡಾಣು ಹೊರತೆಗೆಯೋದು ಮಾತ್ರ ಸಾಮಾನ್ಯವಾಗಿ ಯೋನಿಯ ಮೂಲಕವೇ, ಅರಿವಳಿಕೆ ಕೊಟ್ಟು. ಇದರ ಬಗ್ಗೆ ಮನಸ್ಸಿನಲ್ಲಿ ಅಳುಕಿದ್ದರೆ ಮೊದಲ ದಿನವೇ ಡಾಕ್ಟರ ಹತ್ತಿರ ಮಾತಾಡಿ. ಹತ್ತು ದಿನ ಇಂಜೆಕ್ಷನ್ ಚುಚ್ಚಿಕೊಂಡ ಮೇಲೆ ಯೋಚಿಸೋ ವಿಷಯ ಇದಲ್ಲ.

ಕಾಗದಪತ್ರ ಕಡಿಮೆಯೇ: ಆಧಾರ್, ಪ್ಯಾನ್, ಫೋಟೋ. ಎಡವಿದ್ದು ಇನಿಷಿಯಲ್‌ನಲ್ಲಿ. ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಪ್ಯಾನಿನಲ್ಲಿ ಬರೀ ಒಂದಕ್ಷರ. ವರ್ಷಗಟ್ಟಲೆ ಟ್ಯಾಂಕಿನಲ್ಲಿ ಇರಬೇಕಾದ ವಸ್ತುವಿನ ಚೀಟಿ ಮೇಲೆ ಹೆಸರು ಒಂದೇ ರೀತಿ ಇರಬೇಕು ಅಂತ ಪಟ್ಟು ಹಿಡಿದರು. ಅದು ಸರಿಯೇ. ಎಲ್ಲ ಫಾರಂಗಳಲ್ಲೂ ಆಧಾರಿನ ಹೆಸರನ್ನೇ ಬರೆಸಿ. ಇದಾದ ಮೇಲೆ ರಕ್ತಪರೀಕ್ಷೆಗಳ ಸಾಲು: ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ವಿಡಿಆರ್‌ಎಲ್ (ಸಿಫಿಲಿಸ್ ಪರೀಕ್ಷೆ), ಥೈರಾಯ್ಡ್, ಪ್ರೊಲಾಕ್ಟಿನ್, ಸಕ್ಕರೆ, ಹಿಮೋಗ್ಲೋಬಿನ್, ರಕ್ತದ ಗುಂಪು, ಜೊತೆಗೊಂದು ಇಸಿಜಿ. ಸೋಂಕಿನ ಪರೀಕ್ಷೆಗಳು ಅನುಮಾನದಿಂದ ಮಾಡಿಸೋದಲ್ಲ, ಎಲ್ಲರ ಅಂಡಾಣುಗಳೂ ದ್ರವ ಸಾರಜನಕದಲ್ಲಿ ಇರೋದರಿಂದ ಸೋಂಕಿದ್ದವರದ್ದನ್ನು ಬೇರೆ ಟ್ಯಾಂಕಿನಲ್ಲಿ ಇಡಬೇಕು, ಅದಕ್ಕೆ.

ಒಪ್ಪಿಗೆ ಪತ್ರದಲ್ಲಿ ಒಂದು ಕಡೆ ಪೆನ್ನು ನಿಂತೇಬಿಡುತ್ತೆ. ನೀವು ಸತ್ತರೆ, ಇಲ್ಲವೇ ನಿರ್ಧಾರ ಮಾಡಲಾಗದ ಸ್ಥಿತಿಗೆ ಬಂದರೆ ಇವನ್ನು ಏನು ಮಾಡಬೇಕು? ನಾಶ ಮಾಡೋದಾ, ಸಂಶೋಧನೆಗೆ ಕೊಡೋದಾ? ಮನೆಯಲ್ಲೇ ಯೋಚಿಸಿ ಹೋಗಿ. ಕೌಂಟರ್ ಮುಂದೆ ನಿಂತು, ಹಿಂದೆ ಕ್ಯೂ ಇರುವಾಗ ತೀರ್ಮಾನಿಸೋದು ಕಷ್ಟ.

ಕೌನ್ಸೆಲರ್ ಒಬ್ಬರು ಅರ್ಧ ಗಂಟೆ ಮಾತಾಡಿಸಿದರು. ಮಗು 'ಈಗ ಬೇಡ'ವಾ, 'ಬೇಡವೇ ಬೇಡ'ವಾ, 'ಗೊತ್ತಿಲ್ಲ'ವಾ ಅಂತ ಕೇಳಿದರು. ನನ್ನ ಓರಗೆಯ ಹುಡುಗಿಯರಲ್ಲಿ ಈ ಮೂರೂ ಥರದವರಿದ್ದಾರೆ. ಬೇಡವೇ ಬೇಡ ಅನ್ನೋವರು ಅಮ್ಮನ ಸಮಾಧಾನಕ್ಕೆ ಅಂತ ಇದಕ್ಕೆ ದುಡ್ಡು ಸುರಿಯಬೇಕಿಲ್ಲ. 26-27ರ ಹುಡುಗಿಯರಿಗೂ, ಕ್ಯಾನ್ಸರ್ ಚಿಕಿತ್ಸೆ, ಎಂಡೊಮೆಟ್ರಿಯೋಸಿಸ್‌ನಂಥ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ) ಕಾರಣ ಇಲ್ಲದಿದ್ದರೆ, ಅವಸರ ಇಲ್ಲ ಅನ್ನೋದು ನನ್ನ ಅನಿಸಿಕೆ. ಆದರೆ ತುಂಬ ತಡವೂ ಆಗಬಾರದು. 35 ಕಳೆದ ಮೇಲೆ, ಅದರಲ್ಲೂ 37ರ ನಂತರ, ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಬೇಗ ಇಳಿಯುತ್ತೆ. ಕೀಮೋಥೆರಪಿ ಶುರುವಾಗೋ ಮುಂಚೆ ಮಾಡಿಸಬೇಕಾದವರು ಮುಟ್ಟಿಗೂ ಕಾಯಬೇಕಿಲ್ಲ, ಯಾವ ದಿನ ಬೇಕಾದರೂ ಶುರು ಮಾಡುತ್ತಾರೆ.

ಇನ್ನು ಅಸಲಿ ಓಟ. ಮುಟ್ಟಿನ ಎರಡನೇ ದಿನ ಸ್ಕ್ಯಾನ್. ಮೊದಲ ತಿಂಗಳು ಆ ಸ್ಕ್ಯಾನಿನಲ್ಲೇ ನಿಂತುಹೋಯಿತು. ಎಡ ಅಂಡಾಶಯದಲ್ಲಿ 3 ಸೆಂಟಿಮೀಟರಿನ ನೀರುಗುಳ್ಳೆ. ಹಿಂದಿನ ತಿಂಗಳ ಫಾಲಿಕಲ್ (ಅಂಡಾಣು ಬೆಳೆಯುವ ಪುಟ್ಟ ನೀರಿನ ಚೀಲ) ಒಡೆಯದೆ ಉಳಿದದ್ದು, ಅಪಾಯದ್ದಲ್ಲ, ಆದರೆ ಅದನ್ನು ಇಟ್ಟುಕೊಂಡು ಶುರು ಮಾಡಿದರೆ ಹೊಸ ಫಾಲಿಕಲ್‌ಗಳು ಸಮನಾಗಿ ಬೆಳೆಯಲ್ಲ. ಮುಂದಿನ ಮುಟ್ಟಿಗೆ ಬನ್ನಿ ಅಂದರು. ರಜೆ ಹಾಕಿ, ಔಷಧಿಗೆ ಅಡ್ವಾನ್ಸ್ ಕೊಟ್ಟು ಹೋದವಳು ಯಶವಂತಪುರದಿಂದ ಮಧ್ಯಾಹ್ನದ ರೈಲಿಗೆ ವಾಪಸ್. ಅದಕ್ಕೇ ಹೇಳೋದು, ಎರಡನೇ ದಿನದ ಸ್ಕ್ಯಾನ್ ಆಗೋ ತನಕ ಇಂಜೆಕ್ಷನ್ ಕೊಳ್ಳಬೇಡಿ, ರಜೆ ಮಂಜೂರು ಮಾಡಿಸಬೇಡಿ.

ಮರುತಿಂಗಳು ಗುಳ್ಳೆ ಕರಗಿತ್ತು. ಸಣ್ಣ ಫಾಲಿಕಲ್ ಬಲಕ್ಕೆ 6, ಎಡಕ್ಕೆ 5. ಭಾನುವಾರ ಮುಟ್ಟು, ಸೋಮವಾರ ಸ್ಕ್ಯಾನ್, ಸೋಮವಾರ ರಾತ್ರಿ 8ಕ್ಕೆ ಮೊದಲ ಇಂಜೆಕ್ಷನ್. ಸಾಮಾನ್ಯವಾಗಿ ತಿಂಗಳಿಗೆ ಒಂದು ಫಾಲಿಕಲ್ ಮಾತ್ರ ಗೆದ್ದು ಬೆಳೆಯುತ್ತೆ, ಉಳಿದವು ಸಾಕಷ್ಟು ಹಾರ್ಮೋನ್ ಸಿಗದೆ ಒಣಗುತ್ತವೆ. ಈ ಎಫ್‌ಎಸ್‌ಎಚ್ (ಫಾಲಿಕಲ್ ಬೆಳೆಸುವ ಹಾರ್ಮೋನ್) ಇಂಜೆಕ್ಷನ್ ಆ ಒಣಗಬೇಕಾದವಕ್ಕೂ ಊಟ ಹಾಕಿದ ಹಾಗೆ. ಮುಂದಿನ ತಿಂಗಳುಗಳ ಅಂಡಾಣು ಇದರಿಂದ ಖಾಲಿಯಾಗಲ್ಲ, ಮುಟ್ಟು ಬೇಗ ನಿಲ್ಲೋದೂ ಇಲ್ಲ. ಇದನ್ನು ಅಮ್ಮನಿಗೆ ಮೂರು ಸಲ ವಿವರಿಸಬೇಕಾಯಿತು.

ನನ್ನ ಡೋಸ್ ದಿನಕ್ಕೆ 225 ಯೂನಿಟ್, ಹತ್ತು ದಿನ, ಒಟ್ಟು 2,250. ಔಷಧಿ ತುಂಬಿದ ಇಂಜೆಕ್ಷನ್ ಪೆನ್ನುಗಳು 300, 450, 900 ಯೂನಿಟ್ಟಿನವು ಬರುತ್ತವೆ. 900ರ ಪೆನ್ನಿನಲ್ಲಿ 225ರ ನಾಲ್ಕು ಡೋಸ್ ಸರಿಯಾಗಿ ಕೂರುತ್ತೆ. ಹಾಗಾಗಿ 900ರ ಎರಡು, 450ರ ಒಂದು ತಗೊಂಡರೆ ಒಂದು ಹನಿಯೂ ವ್ಯರ್ಥವಿಲ್ಲ. 300ರದ್ದು ತಗೊಂಡರೆ ಪ್ರತಿ ಸಲ 75 ಉಳಿಯುತ್ತೆ, ಒಂದೇ ಡೋಸಿಗೆ ಎರಡು ಪೆನ್ನಿನಿಂದ ಎರಡು ಸಲ ಚುಚ್ಚಿಕೊಳ್ಳಬೇಕು. ಮೆಡಿಕಲ್ ಶಾಪಿನವರು ಇದ್ದದ್ದನ್ನು ಕೊಡುತ್ತಾರೆ, ಲೆಕ್ಕ ಹಾಕಿಕೊಂಡು ಹೋಗಬೇಕಾದ್ದು ನಾವು.

ಚುಚ್ಚೋದು ಹೊಕ್ಕುಳಿನಿಂದ ಎರಡು ಬೆರಳು ಆಚೆ, ಚರ್ಮ ಚಿವುಟಿ ಹಿಡಿದು. ಸೂಜಿ ಕೂದಲಿನಷ್ಟು ತೆಳ್ಳಗೆ. ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸಿ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಔಷಧಿ ಚರ್ಮದ ಮೇಲೆ ಸೋರುತ್ತೆ. ಡಯಲ್ ಸೊನ್ನೆಗೆ ಬಂದು ನಿಂತಿದೆಯಾ ನೋಡಿ. ಬೇರೆ ಅಂಕಿಯಲ್ಲಿ ನಿಂತಿದ್ದರೆ ಅಷ್ಟು ಯೂನಿಟ್ ಒಳಗೆ ಹೋಗಿಲ್ಲ ಅಂತ, ಅದನ್ನು ಹೊಸ ಪೆನ್ನಿನಿಂದ ತುಂಬಿಸಬೇಕು. ಒಂದು ದಿನ ಬಲಕ್ಕೆ, ಒಂದು ದಿನ ಎಡಕ್ಕೆ.

ಏಳನೇ ದಿನದಿಂದ ನಾಲ್ಕು ದಿನ ಎಚ್‌ಎಂಜಿ (ಇದೂ ಫಾಲಿಕಲ್ ಬೆಳೆಸುವ ಹಾರ್ಮೋನೇ) 75 ಯೂನಿಟ್ ಸೇರಿಸಿದರು. ಇದು ಪೆನ್ನಲ್ಲ, ಪುಡಿ. ದಪ್ಪ ಸೂಜಿಯಿಂದ, ಪುಡಿಯ ಜೊತೆಗೇ ಕೊಡುವ ಇಂಜೆಕ್ಷನ್ ನೀರು 1 ಎಂ.ಎಲ್. ಎಳೆದು ಪುಡಿಯ ಬಾಟಲಿಗೆ ಬಿಟ್ಟು, ಅಂಗೈಗಳ ನಡುವೆ ಉರುಳಿಸಬೇಕು. ಕುಲುಕಿದರೆ ನೊರೆ ಬಂದು ಕೊನೆಗೆ ಕಾಲು ಭಾಗ ಬಾಟಲಿಯಲ್ಲೇ ಉಳಿಯುತ್ತೆ. ಆಮೇಲೆ ಸೂಜಿ ಬದಲಾಯಿಸಿ ಸಣ್ಣದರಿಂದ ಚುಚ್ಚಿಕೊಳ್ಳಬೇಕು. ಬದಲಾಯಿಸೋಕೆ ಮರೆತರೆ ಎಷ್ಟು ನೋವು ಅಂತ ಮೊದಲ ದಿನವೇ ಗೊತ್ತಾಯಿತು.

ಪೆನ್ನು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಫ್ರೀಜರಿನಲ್ಲಂತೂ ಬೇಡವೇ ಬೇಡ, ಹೆಪ್ಪುಗಟ್ಟಿದ ಪೆನ್ನು ಕಸಕ್ಕೆ. ನಾನು ಇಟ್ಟಿದ್ದು ಮಧ್ಯದ ತಟ್ಟೆಯಲ್ಲಿ, ಇಡ್ಲಿ ಹಿಟ್ಟಿನ ಪಾತ್ರೆ ಪಕ್ಕ, ಊಟದ ಡಬ್ಬಿಯೊಳಗೆ. ಬೇಸಿಗೆಯ ತುಮಕೂರಿನಲ್ಲಿ ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯದಿದ್ದರೆ ಮೂರು ನಾಲ್ಕು ಗಂಟೆ ಚಿಂತೆಯಿಲ್ಲ. ಬೆಂಗಳೂರಿಂದ ಔಷಧಿ ತರುವಾಗ ಐಸ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ. ಪೆನ್ನು ನೇರವಾಗಿ ಐಸಿಗೆ ತಾಗಬಾರದು.

ಆರನೇ ದಿನ ಶನಿವಾರ ಸ್ಕ್ಯಾನಿಗೆ ಹೋದಾಗ ಇನ್ನೊಂದು ಇಂಜೆಕ್ಷನ್ ಶುರುವಾಯಿತು: ಆಂಟಗೊನಿಸ್ಟ್, 0.25 ಮಿಲಿಗ್ರಾಂ. ಫಾಲಿಕಲ್‌ಗಳು ಸಮಯಕ್ಕೆ ಮುಂಚೆ ತಾವಾಗಿ ಒಡೆಯದ ಹಾಗೆ ತಡೆಯೋದು ಇದರ ಕೆಲಸ. ಚುಚ್ಚಿದಲ್ಲಿ ಅರ್ಧ ಗಂಟೆ ಕೆಂಪಗೆ ಊದಿ ತುರಿಸುತ್ತೆ, ಹೆದರಬೇಡಿ. ನಾನು ಎಡವಿದ್ದು ಬೇರೆ ಕಡೆ. ಮೊದಲ ಡೋಸನ್ನು ಆಸ್ಪತ್ರೆಯಲ್ಲೇ ಬೆಳಗ್ಗೆ ಹತ್ತೂವರೆಗೆ ಕೊಟ್ಟರು. ದಿನವೂ ಅದೇ ಹೊತ್ತಿಗೆ ತಗೋಬೇಕು. ಮುಂದಿನ ಐದು ದಿನ ಹತ್ತೂವರೆಗೆ ಒಂದೋ ಆಫೀಸು, ಒಂದೋ ಗೊರಗುಂಟೆಪಾಳ್ಯದ ಟ್ರಾಫಿಕ್. ಒಂದು ದಿನ ಆಫೀಸಿನ ಟಾಯ್ಲೆಟ್ಟಿನಲ್ಲಿ ಕಮೋಡಿನ ಮುಚ್ಚಳದ ಮೇಲೆ ಡಬ್ಬಿ ಇಟ್ಟುಕೊಂಡು ಚುಚ್ಚಿಕೊಂಡಿದ್ದಾಯಿತು. ಮೊದಲ ಡೋಸಿನ ಗಂಟೆಯೇ ಕೊನೆ ತನಕ ನಿಮ್ಮ ಗಂಟೆ. 'ಸಂಜೆ ಮನೆಗೆ ಹೋಗಿ ಎಂಟಕ್ಕೆ ತಗೊಳ್ಳಲಾ?' ಅಂತ ಆಗಲೇ ಡಾಕ್ಟರನ್ನು ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ.

ಸೋಮವಾರ, ಬುಧವಾರ, ಗುರುವಾರ ಮತ್ತೆ ಸ್ಕ್ಯಾನ್. ಓಡಾಟಕ್ಕೆ ರೈಲೇ ಮೇಲು. ಬಸ್ಸಿನಲ್ಲಿ ದಾಬಸ್‌ಪೇಟೆ ತನಕ ಸುಖ, ನೆಲಮಂಗಲ ಬಂದ ಮೇಲೆ ದೇವರೇ ಗತಿ. ಕೊನೆಯ ದಿನಗಳಲ್ಲಿ ಅಂಡಾಶಯ ಎರಡು ಮೂರು ಪಟ್ಟು ದೊಡ್ಡದಾಗಿರುತ್ತೆ, ಪ್ರತಿ ಹಂಪಿನಲ್ಲೂ ಅಡಿಹೊಟ್ಟೆಯಲ್ಲಿ ಗುಂಡು ಜೋತಾಡಿದ ಹಾಗೆ. ಓಟ, ಯೋಗ, ಸ್ಕಿಪ್ಪಿಂಗ್ ಎಲ್ಲ ನಿಲ್ಲಿಸಿ. ಭಾರವಾದ ಅಂಡಾಶಯ ತಿರುಚಿಕೊಂಡರೆ ತುರ್ತು ಆಪರೇಷನ್ ಬೇಕಾಗುತ್ತೆ. ಫಾಲಿಕಲ್ ದಿನಕ್ಕೆ ಹೆಚ್ಚೂಕಡಿಮೆ 2 ಮಿಲಿಮೀಟರ್ ಬೆಳೆಯುತ್ತೆ. ಮುಂದಿರುವ ಎರಡು ಮೂರು 18 ಮುಟ್ಟಿದರೆ ಹೊತ್ತು ಬಂತು ಅಂತ. ಗುರುವಾರ ಸ್ಕ್ಯಾನ್ ಮಾಡುವವರು ಅಳತೆ ಕೂಗುತ್ತಿದ್ದರು, ಪಕ್ಕದವರು ಬರೆಯುತ್ತಿದ್ದರು: ಹದಿನೆಂಟು, ಹದಿನೆಂಟು, ಹದಿನೇಳೂವರೆ, ಹದಿನಾರು... ಸಂತೆಯಲ್ಲಿ ತೂಕ ಕೂಗಿದ ಹಾಗೆ. ಒಟ್ಟು 14.

ಆಗ ಬರೋದು ಅಂಡಾಣುಗಳನ್ನು ಕೊನೆಯ ಹಂತಕ್ಕೆ ಮಾಗಿಸುವ ಟ್ರಿಗರ್ ಇಂಜೆಕ್ಷನ್. ಇಡೀ ಪ್ರಕ್ರಿಯೆಯಲ್ಲಿ ನಿಮಿಷ ತಪ್ಪಬಾರದು ಅಂತಿದ್ದರೆ ಇದೊಂದೇ. ಟ್ರಿಗರ್ ಆದ 36 ಗಂಟೆಗೆ ಅಂಡಾಣು ತೆಗೆಯಬೇಕು. ಬೇಗ ತೆಗೆದರೆ ಮಾಗಿರಲ್ಲ, ತಡವಾದರೆ ಒಡೆದು ಹೊಟ್ಟೆಯೊಳಗೆ ಹೋಗಿರುತ್ತೆ. ಶನಿವಾರ ಬೆಳಗ್ಗೆ 10ಕ್ಕೆ ಒ.ಟಿ. (ಆಪರೇಷನ್ ಥಿಯೇಟರ್) ಅಂದರೆ ಗುರುವಾರ ರಾತ್ರಿ 10ಕ್ಕೆ ಟ್ರಿಗರ್. ನಾನು ಮೂರು ಅಲಾರಾಂ ಇಟ್ಟೆ. ಚುಚ್ಚಿಕೊಂಡ ಮೇಲೆ ಖಾಲಿ ಸಿರಿಂಜನ್ನು ಗಡಿಯಾರದ ಪಕ್ಕ ಹಿಡಿದು ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿದೆ. ಗಂಟೆ ತಪ್ಪಿದರೆ ಮುಚ್ಚಿಡಬೇಡಿ, ತಕ್ಷಣ ಫೋನ್ ಮಾಡಿದರೆ ಒ.ಟಿ. ಹೊತ್ತನ್ನೇ ಮುಂದಕ್ಕೆ ಹಾಕುತ್ತಾರೆ. ಟ್ರಿಗರಿನಲ್ಲಿ ಎರಡು ಬಗೆ ಇದೆ, ಎಚ್‌ಸಿಜಿ ಮತ್ತು ಅಗೊನಿಸ್ಟ್. ಪಿಸಿಒಎಸ್ (ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ತುಂಬಿಕೊಳ್ಳುವ ಹಾರ್ಮೋನ್ ತೊಂದರೆ) ಇದ್ದವರು, ಫಾಲಿಕಲ್ ತುಂಬ ಬಂದವರು ಅಗೊನಿಸ್ಟ್ ಬಗ್ಗೆ ಕೇಳಲೇಬೇಕು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಒಎಚ್‌ಎಸ್‌ಎಸ್ ಅನ್ನೋ ತೊಂದರೆ ಅದರಿಂದ ಬಹಳ ಕಡಿಮೆಯಾಗುತ್ತೆ.

ಶುಕ್ರವಾರ ಯಾವ ಇಂಜೆಕ್ಷನ್ನೂ ಇಲ್ಲ. ಅವತ್ತೇ ಬೆಂಗಳೂರಿಗೆ ಹೋಗಿ ಉಳಿದುಕೊಂಡೆ, ಶನಿವಾರದ ಟ್ರಾಫಿಕ್ ನಂಬಿ 36 ಗಂಟೆಯ ಲೆಕ್ಕವನ್ನು ಪಣಕ್ಕಿಡೋ ಧೈರ್ಯ ಬರಲಿಲ್ಲ. ಮಧ್ಯರಾತ್ರಿಯಿಂದ ಉಪವಾಸ, ನೀರೂ ಇಲ್ಲ. ಉಗುರುಬಣ್ಣ, ಬಳೆ, ಸೆಂಟು ಬೇಡ. ಸುಗಂಧದ ಆವಿ ಲ್ಯಾಬಿನ ಅಂಡಾಣುಗಳಿಗೆ ಒಳ್ಳೆಯದಲ್ಲವಂತೆ, ಪೌಡರ್ ಕೂಡ ಒರೆಸಿದರು. ಅಂಡಾಣು ತೆಗೆಯೋಕೆ ಹಿಡಿಯೋದು ಹದಿನೈದು ಇಪ್ಪತ್ತು ನಿಮಿಷ. ಎಚ್ಚರವಾದಾಗ ಮುಟ್ಟಿನ ನೋವಿನಂಥದ್ದು, ಒಂದಿಷ್ಟು ರಕ್ತದ ಕಲೆ.

ಮಧ್ಯಾಹ್ನ ಲೆಕ್ಕ ಬಂತು. ಫಾಲಿಕಲ್ 14, ಸಿಕ್ಕಿದ ಅಂಡಾಣು 11, ಮಾಗಿದ್ದು 9. ಮಾಗಿದವನ್ನು ಮಾತ್ರ ಇಡುತ್ತಾರೆ. 14 ಕೇಳಿ ಹಿಗ್ಗಿದ್ದ ಮನಸ್ಸು 9ಕ್ಕೆ ಇಳಿದಾಗ ಒಂಥರಾ ಆಯಿತು, ಆದರೆ ಇದು ಮಾಮೂಲು. ಮುಂದೆಯೂ ಇದು ಇಳಿಯೋ ಲೆಕ್ಕವೇ: 9 ಕರಗಿಸಿದರೆ ಏಳೆಂಟು ಬದುಕಬಹುದು, ಅದರಲ್ಲಿ ಐದು ಫಲಿತವಾಗಬಹುದು, ಐದನೇ ದಿನದ ಭ್ರೂಣವಾಗೋದು ಎರಡೋ ಮೂರೋ. ಅದರಲ್ಲಿ ಒಂದು ಮಗುವಾದರೆ ಆಯಿತು, ಆಗದೆಯೂ ಇರಬಹುದು. 35ರೊಳಗಿನವರಿಗೂ 15-20 ಕೂಡಿಡಿ ಅನ್ನೋ ಡಾಕ್ಟರುಗಳು ಇದಕ್ಕೇ ಹಾಗನ್ನೋದು. ಇನ್ನೊಂದು ಸೈಕಲ್ ಮಾಡಿಸಬೇಕಾ ಅಂತ ನಾನಿನ್ನೂ ತೀರ್ಮಾನಿಸಿಲ್ಲ.

ಅಂಡಾಣು ದೇಹದ ಅತಿ ದೊಡ್ಡ ಜೀವಕೋಶ, ಒಳಗೆಲ್ಲ ನೀರು. ನಿಧಾನವಾಗಿ ತಣಿಸಿದರೆ ಆ ನೀರು ಹರಳುಗಟ್ಟಿ ಕೋಶ ಹರಿಯುತ್ತೆ. 1986ರಲ್ಲೇ ಘನೀಕರಿಸಿದ ಅಂಡಾಣುವಿನಿಂದ ಮಗು ಹುಟ್ಟಿದ್ದರೂ ಈ ವಿದ್ಯೆ ಬಹುಕಾಲ ಪ್ರಯೋಗದ ಹಂತದಲ್ಲೇ ಉಳಿದಿದ್ದು ಇದರಿಂದಲೇ. ಈಗಿನ ವಿಟ್ರಿಫಿಕೇಶನ್‌ನಲ್ಲಿ ನೀರು ತೆಗೆದು, ರಕ್ಷಕ ದ್ರಾವಣ ತುಂಬಿಸಿ, ಕ್ಷಣದಲ್ಲಿ ಮೈನಸ್ 196 ಡಿಗ್ರಿಗೆ ಅದ್ದುತ್ತಾರೆ, ಹರಳಾಗೋಕೆ ಪುರುಸೊತ್ತೇ ಸಿಗಲ್ಲ. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ 'ಪ್ರಯೋಗ' ಅನ್ನೋ ಹಣೆಪಟ್ಟಿ ತೆಗೆದಿದ್ದು 2012ರಲ್ಲಿ. ಡಿಸ್ಚಾರ್ಜಿಗೆ ಮುಂಚೆ ಎಂಬ್ರಿಯಾಲಜಿಸ್ಟರ (ಲ್ಯಾಬಿನಲ್ಲಿ ಅಂಡಾಣು ನೋಡಿಕೊಳ್ಳುವ ತಜ್ಞರ) ಸಹಿಯಿರುವ ಚೀಟಿ ಕೇಳಿ ಪಡೆಯಿರಿ: ಮಾಗಿದವು ಎಷ್ಟು, ಅವನ್ನಿಡುವ ಎಷ್ಟು ಸ್ಟ್ರಾಗಳಲ್ಲಿ (ಸಣ್ಣ ಕೊಳವೆ), ಒಂದೊಂದರಲ್ಲಿ ಎಷ್ಟು, ಯಾವ ಟ್ಯಾಂಕ್. ನನಗೆ ಕೇಳಿದ ಮೇಲಷ್ಟೇ ಕೊಟ್ಟರು.

ಖರ್ಚಿನ ಲೆಕ್ಕ ಹೀಗಿದೆ. ಮೊದಲ ಭೇಟಿ ಮತ್ತು ಸ್ಕ್ಯಾನ್ 2,300. ಎಎಂಎಚ್ 1,900. ಉಳಿದ ರಕ್ತಪರೀಕ್ಷೆ, ಇಸಿಜಿ 7,400. ಔಷಧಿ 81,600. ಮಧ್ಯದ ಸ್ಕ್ಯಾನ್‌ಗಳು, ಹಾರ್ಮೋನ್ ಪರೀಕ್ಷೆ 9,500. ಒ.ಟಿ., ಅರಿವಳಿಕೆ, ಲ್ಯಾಬು, ಮೊದಲ ವರ್ಷದ ಬಾಡಿಗೆ ಸೇರಿ 1,15,000. ಇವರು ಪ್ಯಾಕೇಜ್ ಅಂದಿದ್ದು ಇದನ್ನು ಮಾತ್ರ. ಓಡಾಟ, ಉಳಿದುಕೊಂಡದ್ದು 8,300. ಎರಡನೇ ವರ್ಷದಿಂದ ಟ್ಯಾಂಕಿನ ಬಾಡಿಗೆ ವರ್ಷಕ್ಕೆ 22,000. ನನ್ನ ಕರಾರು 10 ವರ್ಷದ್ದು, ಅಂದರೆ ಇನ್ನೂ 1,98,000. ಆರೋಗ್ಯ ವಿಮೆಯವರು ಒಂದು ಪೈಸೆ ಕೊಡಲಿಲ್ಲ.

ಮನೆಗೆ ಕಾರಿನಲ್ಲೇ ಬನ್ನಿ. ಮೂರು ನಾಲ್ಕು ದಿನ ಹೊಟ್ಟೆ ಉಬ್ಬರಿಸುತ್ತೆ, ಚೂಡಿದಾರದ ಲಾಡಿ ಕಟ್ಟೋಕಾಗಲ್ಲ. ಎಳನೀರು, ಮಜ್ಜಿಗೆ, ಓಆರ್‌ಎಸ್, ಉಪ್ಪಿರುವ ಸಾರು. ಬೆಳಗ್ಗೆ ಎದ್ದ ತಕ್ಷಣ ತೂಕ ನೋಡಿ ಬರೆದಿಡಿ. ಒಂದೇ ದಿನಕ್ಕೆ ಒಂದು ಕೆಜಿಗಿಂತ ಹೆಚ್ಚಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಒಂದೇ ಪಕ್ಕ ತಡೆಯಲಾಗದ ನೋವು ಬಂದರೆ ಬೆಳಗಾಗೋವರೆಗೆ ಕಾಯದೆ ಫೋನ್ ಮಾಡಿ. ನನಗೆ ಏಳನೇ ದಿನ ಮುಟ್ಟು ಬಂತು, ಎಂದಿಗಿಂತ ಜಾಸ್ತಿ. ಆಮೇಲೆ ಮೈ ಹಗುರವಾಯಿತು.

ಬಳಸಿದ ಸೂಜಿಗಳನ್ನು ಮನೆ ಕಸಕ್ಕೆ ಹಾಕಬೇಡಿ, ಬೆಳಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತಿ, ಆಸ್ಪತ್ರೆಗೆ ಹೋಗುವಾಗ ಕೊಟ್ಟುಬಿಡಿ. ನನ್ನದು ಅರ್ಧ ಕೆಜಿ ಹಾರ್ಲಿಕ್ಸ್ ಡಬ್ಬಿ ತುಂಬಿತ್ತು.